ಅಳಿಯ ಎತ್ತಿದ ಕರುಗಳು

ಸಿಂಗಪುರದ ಚಾಂಗಿ ಬಿಸಿನೆಸ್ ಪಾರ್ಕಿನ ಪಶು ಆಹಾರದ ಕಂಪನಿಯೊಂದರಲ್ಲಿ ನಾನು ಸೇರಿ ಐದು ತಿಂಗಳಾಗಿತ್ತು. ಆರನೆಯ ತಿಂಗಳಿಗೆ ಕೆಲಸ ಪರ್ಮನೆಂಟ್ ಆಗುತ್ತದೋ ಊರಿಗೆ ಟಿಕೆಟ್ ಬುಕ್ ಮಾಡಬೇಕೋ ಎಂಬುದು ನನ್ನ ಮೊದಲ ವರದಿಯ ಮೇಲೆ ನಿಂತಿತ್ತು.

ಆಸ್ಟ್ರೇಲಿಯಾದ ಒಂದು ಫಾರ್ಮಿನಲ್ಲಿ ಮಾಂಸಕ್ಕೆ ಸಾಕುವ ದನಗಳ ಕರುಗಳು. ಮೊದಲು ಹುಟ್ಟಿದವಕ್ಕೆ ಏನೂ ಕೊಡದೆ, ಆಮೇಲೆ ಹುಟ್ಟಿದವಕ್ಕೆ ಮೊದಲ ದಿನವೇ ಎ, ಡಿ, ಇ ವಿಟಮಿನ್ ಸೂಜಿ ಹಾಕಿಸಿದ್ದೆವು. ಹುಟ್ಟಿದ ದಿನ ಒಮ್ಮೆ, ಏಳನೆಯ ದಿನ ಒಮ್ಮೆ ತೂಕ. ನೋಡಿದರೆ, ವಿಟಮಿನ್ ಕೊಟ್ಟ ಕರುಗಳೆಲ್ಲ ವಾರದಲ್ಲಿ ಇಳಿದುಹೋಗಿದ್ದವು!

ನಮ್ಮ ಮ್ಯಾನೇಜರ್ ಮೈಸೂರಿನವರು. "ಏನಮ್ಮಾ, ವಿಟಮಿನ್ ಅಂತ ಭೇದಿ ಮದ್ದು ಚುಚ್ಚಿಸಿದ್ವಾ?"

"ಸರ್, ಫೋಟೋ ನೋಡಿ. ಮೈ ಹೇಗೆ ಮಿರಮಿರ ಅಂತಿದೆ! ಸೊರಗಿದ ಕರು ಹೀಗೆ ಬಾಲ ಎತ್ಕೊಂಡು ಓಡಲ್ಲ."

"ಫೋಟೋ ನೋಡಿ ತೂಕ ಹೇಳ್ತೀಯಾ? ಸೋಮವಾರ ಮೀಟಿಂಗು. ಉಪಯೋಗ ಇಲ್ಲ ಅಂತ ಬರೆದು ಕ್ಲೋಸ್ ಮಾಡು."

"ನಮ್ಮಮ್ಮ ಹಾಲು ಮಾರಿ ಓದಿಸಿದ್ದು ಸರ್ ನನ್ನ. ಕರು ನೋಡಿದ್ರೆ ಗೊತ್ತಾಗತ್ತೆ. ಒಂದು ದಿನ ಕೊಡಿ."

"ತಗೋ ತಾಯಿ, ಒಂದೇ ದಿನ."

ಫಾರ್ಮಿನ ಯಜಮಾನರಿಗೆ ಫೋನ್ ಮಾಡಿ, ಹೇಗೆ ತೂಗುತ್ತೀರಿ ಎಂದು ಕೇಳಿದೆ. ಕರುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ಬಂದದ್ದರಲ್ಲಿ ಮನುಷ್ಯನ ತೂಕ ಕಳೆಯುವುದು. ಎತ್ತುತ್ತಿದ್ದವರು ಅವರೇ. ಆದರೆ ವಿಟಮಿನ್ ಕರುಗಳ ಏಳನೆಯ ದಿನದ ತೂಕಕ್ಕೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತಂತೆ. ಅಳಿಯ ಎತ್ತಿದ.

ಕಳೆದದ್ದು ಯಾರ ತೂಕ ಎಂದೆ. ಆ ಕಡೆಯಿಂದ ಫೋನ್ ಒಡೆಯುವಂಥ ನಗು. ಎತ್ತಿದವನು ಕಡ್ಡಿಯಂಥ ಅಳಿಯ, ಕಳೆದದ್ದು ಹೊಟ್ಟೆಯುಳ್ಳ ಮಾವನ ತೂಕ!

ಅಳಿಯನೊಬ್ಬನನ್ನೇ ಯಂತ್ರ ಹತ್ತಿಸಿದರು. ಮಾವನಿಗಿಂತ ಹತ್ತು ಕಿಲೋ ಕಡಿಮೆ. ಅದನ್ನು ಅಳಿಯ ಎತ್ತಿದ ಪ್ರತಿ ಕರುವಿಗೂ ಸೇರಿಸಿದೆ. ವಿಟಮಿನ್ ಕರುಗಳು ಮುಂದೆ ಬಂದವು, ಆದರೆ ಸ್ವಲ್ಪವೇ.

"ಸ್ವಲ್ಪ ಅಂತ ಯಾಕೆ ಬರೀತೀಯ? ಒಳ್ಳೇ ಬೆಳವಣಿಗೆ ಅನ್ನು" ಎಂದರು ಮ್ಯಾನೇಜರ್.

"ಇದ್ದಷ್ಟೇ ಸರ್. ಇನ್ನೊಂದು ಸಲ ಒಬ್ಬರೇ ಎತ್ತಿ ತೂಗ್ಲಿ, ಆಮೇಲೆ ನೋಡೋಣ."

ಸೋಮವಾರ ಮೀಟಿಂಗಿನಲ್ಲೂ ಅಷ್ಟನ್ನೇ ಹೇಳಿದೆ. ಹೊರಗೆ ಬಂದ ಮೇಲೆ ಮ್ಯಾನೇಜರ್ ಹೇಳಿದರು: "ಎರಡನೇ ಟ್ರಯಲ್‌ಗೂ ನೀನೇ ಇರ್ಬೇಕಂತೆ. ಪರ್ಮನೆಂಟ್ ಲೆಟರ್ ನಾಳೆ ಬರತ್ತೆ. ಈ ವರದಿಗೆ ನಿನ್ನ ಹೆಸರೇ ಹಾಕು."

ಹಾಕಿದೆ. ಹೆಸರಿನ ಮುಂದೆ ಡಿಗ್ರಿಯನ್ನೂ ಟೈಪ್ ಮಾಡಿದೆ. ಯಾರೂ ಕೇಳಿರಲಿಲ್ಲ. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬರೆದುಕೊಳ್ಳಲು ಏನಾದರೂ ಇದ್ದವಳು ನಾನೊಬ್ಬಳೇ, ಬಿಡುವುದುಂಟೆ?