ವಾಸಿಯಾಗುವ ಮೊದಲೇ ಸ್ತೋತ್ರಕೂಟ

ನಮ್ಮ ಚರ್ಚಿನ ಸಭೆಯಲ್ಲಿ ದೇವರಿಗೆ ಉಪಕಾರ ಹೇಳುವ ಸ್ತೋತ್ರಕೂಟವನ್ನು ಕೆಲಸ ಕೈಗೂಡಿದ ಮೇಲೆಯೇ ಇಡುವುದು. ಮನೆ ಕಟ್ಟಿ ಮುಗಿಸಿದವರು, ಮಗು ಹುಟ್ಟಿದವರು, ಆಪರೇಷನ್ ಮಾಡಿಸಿಕೊಂಡು ನೆಟ್ಟಗೆ ಮನೆಗೆ ಬಂದವರು ಎಲ್ಲರನ್ನೂ ಕರೆಯುತ್ತಾರೆ. ಹಾಡು, ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳುವ ಸಾಕ್ಷಿ, ಪ್ರಾರ್ಥನೆ, ಆಮೇಲೆ ಊಟ. ಏನೂ ಕೈಗೂಡದವರು ಹಿಂದಿನ ಚಾಪೆಯಲ್ಲಿ ಕೂತು, ಬೇರೆಯವರ ಸಂತೋಷಕ್ಕೆ ಆಮೆನ್ ಹೇಳಿ, ಉಂಡು ಎದ್ದು ಬರುತ್ತಾರೆ. ನಾನೂ ಹಾಗೆ ಎಷ್ಟೋ ಮನೆಗಳಲ್ಲಿ ಉಂಡು ಬಂದವಳು. ಗಂಡನ ಕಿಡ್ನಿ ಕೈಕೊಟ್ಟ ಮೇಲೆ ಆ ಊಟ ಗಂಟಲಲ್ಲಿ ಇಳಿಯದಾಯಿತು.

ನಮ್ಮದು ಶಹಾಪುರ. ನಾನು ಸರ್ಕಾರಿ ಶಾಲೆಯ ಟೀಚರು, ಅವರು ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಮಂಗಳವಾರ, ಶುಕ್ರವಾರ ಸುರಪುರದಿಂದ ಬರುವ ಬಸ್ಸು ಹಿಡಿದು ಯಾದಗಿರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಡಯಾಲಿಸಿಸ್ ಮಷೀನು ಅವರ ರಕ್ತ ತೊಳೆದು ಕೊಡುತ್ತದೆ. ಒಂದು ಸಲ ತಪ್ಪಿಸಿದರೂ ಎದೆಯಲ್ಲಿ ನೀರು ತುಂಬುತ್ತದೆ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು.

ಓಣಿಯವರು ಕೆಲವರು, ಅಷ್ಟು ಚರ್ಚಿಗೆ ಹೋಗಿ ನಿಮಗೆ ಸಿಕ್ಕಿದ್ದೇನು ಎಂದು ಕೇಳಿದರು. ಸಭೆಯವರು ಕೆಲವರು, ಮನೆಯಲ್ಲಿ ಯಾವುದಾದರೂ ಗುಪ್ತ ಪಾಪ ಇದೆಯೋ ಎಂದು ಕೇಳಿದರು. ಇಬ್ಬರಿಗೂ ನನ್ನದು ಒಂದೇ ಉತ್ತರ: "ಚಹಾ ಕುಡೀತೀರೇನ್ರಿ?" ಬೈಬಲಿನಲ್ಲಿ ದೇವರು ಕೊಟ್ಟ ಮಾತು ನನಗೆ ಗೊತ್ತಿತ್ತು. ಕಷ್ಟ ಬರುವುದಿಲ್ಲ ಎಂದು ಅವನು ಎಲ್ಲೂ ಹೇಳಿಲ್ಲ. ಬೆಂಕಿ ಇರುತ್ತದೆ, ಹೊಳೆಯೂ ಇರುತ್ತದೆ, ದಾಟುವಾಗ ಜೊತೆಗಿರುತ್ತೇನೆ ಎಂದಿದ್ದಾನೆ. ಅಷ್ಟು ಮಾತು ನನಗೆ ಸಾಕಾಗಿತ್ತು, ಆದರೆ ನನ್ನ ಗಂಡನಿಗೆ ಸಾಲಲಿಲ್ಲ.

ಸುರಪುರದಲ್ಲಿ ಹೊರಗಿನ ಬೋಧಕರೊಬ್ಬರು ಶಾಮಿಯಾನ ಹಾಕಿ ಪ್ರಾರ್ಥನಾ ಕೂಟ ನಡೆಸಿದರು. ಗುಣವಾಯಿತು ಎಂದು ಬಾಯಿಂದ ಹೇಳಿದರೆ ಗುಣವಾಗುತ್ತದೆ, ಅನುಮಾನಪಟ್ಟರೆ ಸಿಕ್ಕಿದ್ದೂ ಹೋಗುತ್ತದೆ ಎಂಬುದು ಅವರ ಬೋಧನೆ. ನನ್ನ ಗಂಡ ಅಲ್ಲಿಗೆ ಹೋಗಿ ಬಂದವರೇ ಮುಂದಿನ ಭಾನುವಾರ ನಮ್ಮ ಚರ್ಚಿನಲ್ಲಿ ಸಾಕ್ಷಿಗೆ ಎದ್ದು ನಿಂತರು. "ನಾ ಗುಣ ಆಗೀನ್ರಿ" ಎಂದರು. ಜನ ಅತ್ತರು, ಹಲ್ಲೆಲೂಯ ಎಂದು ಕೂಗಿದರು. ಸಭಾಪಾಲಕರು, ಅಂದರೆ ನಮ್ಮ ಪಾದ್ರಿ, ಎಲ್ಲರಿಗಿಂತ ಜೋರಾಗಿ ಕೂಗಿದರು. ನಾನು ಮನೆಗೆ ಬಂದು ಮಂಗಳವಾರದ ಬಸ್ಸಿಗೆ ಚಿಲ್ಲರೆ ಎಣಿಸಿಟ್ಟೆ.

ಮಂಗಳವಾರ ಬೆಳಿಗ್ಗೆ ಇವರು ಅಂಗಿಯನ್ನೇ ಹಾಕಿಕೊಳ್ಳಲಿಲ್ಲ.

"ಎಲ್ಲಾರ ಮುಂದ ಹೇಳೀನಿ. ಈಗ ಯಾವ ಮಾರಿ ಹೊತ್ಕೊಂಡು ಬಸ್ಸು ಹತ್ಲಿ? ನಮ್ಮ ಸಭಿಯವ್ರು ದಿನಾ ಅದರಾಗೇ ಹೋಗ್ತಾರ" ಎಂದರು. ಸ್ವಲ್ಪ ತಡೆದು, "ನಾ ಹೋದ್ರ ದೇವ್ರ ಹೆಸ್ರು ಕೆಡ್ತದ" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. "ಅವನ ಹೆಸ್ರು ಕಾಯಾಕ ನೀವು ಸಾಯಬೇಕೇನ್ರಿ? ಅಂಥಾ ಗತಿಗೇಡು ಬಂದದೇನು ಅವಂಗ?"

ಬೈದೆ, ಅತ್ತೆ, ಕಾಲೂ ಹಿಡಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಸಭಾಪಾಲಕರನ್ನು ಕರೆಸಿದೆ. ಅವರು ಒಳ್ಳೆಯ ಮನುಷ್ಯರು, ಕೈ ಹಿಡಿದು ಪ್ರಾರ್ಥನೆ ಮಾಡಿದರು. ಆದರೆ ಆಸ್ಪತ್ರೆಗೆ ಹೋಗಪ್ಪ ಎಂಬ ಒಂದು ಮಾತು ಅವರ ಬಾಯಿಂದ ಹೊರಡಲಿಲ್ಲ. ಭಾನುವಾರ ಕೂಗಿದ್ದನ್ನು ಅವರಾದರೂ ಹೇಗೆ ನುಂಗಿಯಾರು?

ಬುಧವಾರಕ್ಕೆ ಇವರ ಪಾದ ಬಾತುಕೊಂಡಿತು. ಅಡ್ಡಾಗಲು ಆಗದೆ ದಿಂಬಿಗೆ ಒರಗಿ ಕೂತೇ ಉಸಿರಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ದೇವರ ಜೊತೆ ಜಗಳಕ್ಕೆ ನಿಂತೆ. ಮೊಣಕಾಲೂರಿ ಮಾಡುವ ಪ್ರಾರ್ಥನೆ ಅದಾಗಿರಲಿಲ್ಲ. ಪಕ್ಕದ ಮನೆಗೆ ಕೇಳಿಸಿದರೂ ಕೇಳಿಸಲಿ ಎಂದುಕೊಂಡೆ.

"ಮಾತು ಕೊಟ್ಟಾಂವ ನೀ. ನಾ ಬಂದು ಕೇಳಿದ್ದಿಲ್ಲ. ಕೈ ಬಿಡಂಗಿಲ್ಲ ಅಂದೀ, ಹಿಡಿ ಮತ್ತ! ನೀ ಗುಣ ಮಾಡು, ಬಿಡು, ನಾ ಅಂತೂ ನಿನ್ನ ಬಿಡಾಕಿ ಅಲ್ಲ."

ಹಾಗೆ ಕೂಗಾಡಿದ ಮೇಲೆ ತಲೆ ತಿಳಿಯಾಯಿತು. ಇವರು ಸಭೆಯ ಮುಂದೆ ಆಡಿ ಸಿಕ್ಕಿಕೊಂಡಿದ್ದಾರೆ. ಮನೆಯೊಳಗೆ ನಾನೆಷ್ಟು ಅತ್ತರೂ ಆ ಗಂಟು ಬಿಚ್ಚುವುದಿಲ್ಲ, ಅದನ್ನು ಸಭೆಯ ಮುಂದೆಯೇ ಬಿಚ್ಚಬೇಕು. ಕೈ ತೊಳೆದುಕೊಂಡು ಸಭಾಪಾಲಕರಿಗೆ ಫೋನ್ ಮಾಡಿದೆ. ನಾಳೆ ಸಂಜೆ ನಮ್ಮ ಮನೆಯಲ್ಲಿ ಸ್ತೋತ್ರಕೂಟ, ಸಾಕ್ಷಿ ನಾನೇ ಹೇಳುತ್ತೇನೆ, ಎಲ್ಲರನ್ನೂ ಕರೆಯಿರಿ ಎಂದೆ. ಅವರು ಗುಣವಾದದ್ದಕ್ಕೇ ಕೂಟ ಎಂದುಕೊಂಡು ಹಿಗ್ಗಿದರು. ನನ್ನ ಗಂಡನೂ ಹಾಗೇ ತಿಳಿದರು. "ಕಡೀಗೂ ನಂಬಿದಿ" ಎಂದು ನನ್ನ ಕೈ ಹಿಡಿದುಕೊಂಡರು. ಆ ಬಾತ ಬೆರಳುಗಳನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಗುರುವಾರ ಶಾಲೆಗೆ ರಜೆ ಹಾಕಿ ಹಬ್ಬಕ್ಕೆ ಮಾಡುವ ಸಿಹಿ ಗೋಧಿ ಹುಗ್ಗಿಗೆ ಇಟ್ಟೆ. ಪಕ್ಕದ ಕಿರಾಣಿ ಅಂಗಡಿಯಾಕೆ, ಹಣೆ ತುಂಬ ವಿಭೂತಿ ಧರಿಸುವ ಹಿರಿಯ ಹೆಂಗಸು, ಬೆಲ್ಲ ತಂದುಕೊಟ್ಟು ಒಳಗೆ ಇಣುಕಿದಳು.

"ಮನ್ಯಾವ್ರ ಮಾರಿ ನೋಡಿದ್ರ ಹಿಂಗ ಬಾತದ, ನೀವು ಹುಗ್ಗಿ ಮಾಡಾಕತ್ತೀರಿ. ಏನ್ ಖುಷಿರಿ ಟೀಚರ?"

"ಖುಷಿ ಅಲ್ರಿ, ಜಿದ್ದು."

ಆಕೆ ಸೆರಗು ಸಿಕ್ಕಿಸಿಕೊಂಡು ಬದನೆಕಾಯಿ ಹೆಚ್ಚಲು ಕೂತಳು.

ಸಂಜೆ ಮನೆ ತುಂಬಿತು. ಹಾಡು ಮುಗಿಯಿತು. ಸಭಾಪಾಲಕರು ನಗುತ್ತ ನನ್ನ ಕಡೆ ಕೈ ತೋರಿಸಿದರು. ನಾನು ಎದ್ದು ನಿಂತೆ.

"ನಮ್ಮ ಮನ್ಯಾವ್ರಿಗಿ ಗುಣ ಆಗಿಲ್ರಿ. ಮಂಗಳವಾರ ಮಷೀನಿಗಿ ಹೋಗಿಲ್ಲ, ಅವರ ಕಾಲು ನೋಡ್ರಿ. ಗುಣ ಆಗೀನಿ ಅಂತ ಹೇಳಿ, ಈಗ ನಿಮ್ಮ ಮುಂದ ಬಸ್ಸು ಹತ್ತಾಕ ನಾಚಿಕೊಂಡು ಸಾಯಾಕತ್ಯಾರ. ಬೇನಿ ಇದ್ದಲ್ಲೇ ಅದ, ದೇವ್ರೂ ಇದ್ದಲ್ಲೇ ಇದ್ದಾನ. ಅದಕ್ಕೇ ಈ ಸ್ತೋತ್ರ. ಆ ಮಷೀನೂ ಅವನೇ ಕೊಟ್ಟಾನ, ಬಸ್ಸೂ ಅವನೇ ಕೊಟ್ಟಾನ. ಮುಂದ ಗುಣ ಮಾಡಿದ್ರ ಇನ್ನೊಂದು ಕೂಟ ಇಡ್ತೀನಿ. ಮಾಡ್ಲಿಲ್ಲಂದ್ರೂ ಇಡ್ತೀನಿ."

ಯಾರೂ ಆಮೆನ್ ಹೇಳಲಿಲ್ಲ. ಸಭೆಯ ಹಿರಿಯರೊಬ್ಬರು, "ಇದು ಅವಿಶ್ವಾಸದ ಮಾತವ್ವಾ" ಎಂದರು.

"ಗಂಡ ಉಸ್ರಿಗಿ ಒದ್ದಾಡೂ ಹೊತ್ತಿನ್ಯಾಗ ದೇವ್ರ ಹೆಸರ್ಲೆ ಹುಗ್ಗಿ ಮಾಡೀನಿ. ಇದು ಅವಿಶ್ವಾಸ ಆದ್ರ, ವಿಶ್ವಾಸ ಹ್ಯಾಂಗಿರ್ತದ ನೀವೇ ತೋರಿಸ್ರಿ" ಎಂದೆ.

ನಾನು ಗಂಡನ ಕಡೆ ನೋಡಲು ಹೆದರಿದೆ. ಊರ ಮುಂದೆ ಅವರ ಮಾನ ಕಳೆದಿದ್ದೆ. ಇನ್ನು ಜೀವಮಾನವಿಡೀ ನನ್ನ ಜೊತೆ ಮಾತು ಬಿಟ್ಟರೂ ಬಿಡಲಿ, ಜೀವ ಉಳಿದರೆ ಸಾಕು ಎಂದು ಗಟ್ಟಿಮಾಡಿಕೊಂಡೆ.

ಅವರು ಗೋಡೆ ಹಿಡಿದುಕೊಂಡು ಎದ್ದರು. ಒಂದೊಂದು ಮಾತಿಗೂ ನಡುವೆ ಉಸಿರು ಎಳೆದುಕೊಂಡರು.

"ಆಕಿ ಹೇಳಿದ್ದು ಖರೇ ಅದ. ಗುಣ ಆಗ್ಲಿ ಅಂತ ಭಾಳ ಆಸಿ ಇತ್ರಿ, ಆಗೇದ ಅಂತ ಹೇಳಿಬಿಟ್ಟೆ. ಆಗಿಲ್ರಿ. ನಾಳಿತನಕ ತಡ್ಯಾಕ ಆಗಂಗಿಲ್ಲ. ಯಾರರ ಗಾಡಿ ತರ್ರಿ."

ಅವಿಶ್ವಾಸ ಎಂದ ಆ ಹಿರಿಯರೇ ಎಲ್ಲರಿಗಿಂತ ಮೊದಲು ಎದ್ದರು. ಅವರ ಮಗನ ಜೀಪು ಹೊರಗೆ ನಿಂತಿತ್ತು. ಹುಗ್ಗಿಯನ್ನು ಅಂಗಡಿಯಾಕೆಗೆ ಒಪ್ಪಿಸಿ ನಾವು ಹೊರಟೆವು. ಯಾದಗಿರಿ ಮುಟ್ಟುವವರೆಗೂ ಅವರ ತಲೆ ನನ್ನ ಹೆಗಲ ಮೇಲೆಯೇ ಇತ್ತು. ಆಸ್ಪತ್ರೆಯ ನರ್ಸಮ್ಮ ನೋಡಿದವಳೇ, ಮಂಗಳವಾರ ಯಾಕೆ ಬರಲಿಲ್ಲ, ಸಾಯುವ ವಿಚಾರವಿತ್ತೇ ಎಂದು ಗದರಿದಳು. "ಸುಳ್ಳು ಹೇಳಿದ್ನವ್ವಾ, ಅದಕ್ಕ ಬರ್ಲಿಲ್ಲ" ಎಂದರು ಇವರು.

ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಗಿನ ಬೆಂಚಿನಲ್ಲಿ ಕೂತು ಮನಸಾರೆ ಅತ್ತೆ. ಜೊತೆಗೆ ಬಂದಿದ್ದ ಸಭಾಪಾಲಕರು, ಪ್ರಾರ್ಥನೆ ಮಾಡೋಣವೇ ಎಂದು ಮೆಲ್ಲಗೆ ಕೇಳಿದರು.

"ಮಾಡ್ರಿ. ಆದ್ರ ಆಗಿಹೋಗ್ಯಾದ ಅನಬ್ಯಾಡ್ರಿ. ಕೊಡು ಅಂತ ಕೇಳ್ರಿ."

ಅವರು ಕಣ್ಣು ಮುಚ್ಚಿ, "ಇವತ್ತೊಂದಿನ ಉಳಿಸಪ್ಪಾ" ಎಂದಷ್ಟೇ ಹೇಳಿದರು. ನಾನು ಆಸ್ಪತ್ರೆಯೆಲ್ಲ ತಿರುಗಿ ನೋಡುವ ಹಾಗೆ ಆಮೆನ್ ಎಂದೆ.

ನನ್ನ ಗಂಡ ಅವತ್ತು ಉಳಿದರು. ಗುಣ ಮಾತ್ರ ಇಂದಿಗೂ ಆಗಿಲ್ಲ. ದೇವರು ಕೊಟ್ಟ ಮಾತನ್ನು ನಾನು ವಾಪಸ್ ಕೊಟ್ಟಿಲ್ಲ, ಕೊಡುವುದೂ ಇಲ್ಲ.