ಸಿಂಪಿಗ ಹೊಲಿದ ಎಲೆ

ಆಗಿನ್ನೂ ಕಾಗವಾಡದ ದ್ರಾಕ್ಷಿ ತೋಟಗಳಿಗೆ ಬಲೆ ಹೊದಿಸುವ ಕಾಲ ಬಂದಿರಲಿಲ್ಲ. ಎಂಬತ್ತರ ದಶಕದ ಕೊನೆಯ ವರ್ಷಗಳು. ಶ್ರಾವಣದಲ್ಲಿ ಮಳೆ ನಿಂತು ಹೊಳವಾದ ದಿನ ನಮ್ಮ ಗುರುಗಳು ಶಾಲೆಯ ಮಕ್ಕಳನ್ನೆಲ್ಲ ನಿಸರ್ಗ ನೋಡಲು ಕರೆದೊಯ್ಯುತ್ತಿದ್ದರು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಕೆಸರು ತುಳಿಯುತ್ತ ಹೊರಡುತ್ತಿದ್ದೆವು. ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ಹೋದದ್ದು ನಮ್ಮ ಕಾಕಾನ ತೋಟಕ್ಕೆ. ನನ್ನ ಜಂಬ ಕೇಳಬೇಡಿ!

ತೋಟದ ತುಂಬ ಬಳ್ಳಿಗೆ ಹೊಡೆದ ಮೈಲುತುತ್ತ, ಸುಣ್ಣದ ವಾಸನೆ. ಬಳ್ಳಿಯೊಳಗಿಂದ ‘ಟುವ್ವಿ, ಟುವ್ವಿ’ ಎಂದು ಜೋರು ದನಿ ಕೇಳಿತು. ಗುರುಗಳು ತುಟಿಯ ಮೇಲೆ ಬೆರಳಿಟ್ಟರು.

“ಸುಮ್ಕ ನಿಂತ ನೋಡ್ರಿ. ಬೆನ್ನ ಹಸರ, ನೆತ್ತಿ ಮ್ಯಾಲ ಕಂದ ಬಣ್ಣದ ಟೊಪಗಿ, ಬಾಲ ಹೆಂಗ ಎತ್ತೇತಿ! ಯಾವ ಹಕ್ಕಿ?”

“ಗುಬ್ಬಿರೀ!” ಎಂದೆವು.

“ಸಣ್ಣದೆಲ್ಲಾ ಗುಬ್ಬಿ ಅಂದ್ರ ದೇವರು ಕಣ್ಣ ಯಾತಕ್ಕ ಕೊಟ್ಟಾನ? ಇದು ಸಿಂಪಿಗ. ಎಲಿ ಹೊಲದು ಗೂಡ ಮಾಡತೈತಿ. ಹುಡುಕ್ರಿ.”

ಹುಡುಕಿ ಕಂಡುಹಿಡಿದವಳು ನಾನು. ದ್ರಾಕ್ಷಿ ಎಲೆಯ ಎರಡು ಅಂಚನ್ನು ಹತ್ತಿಯ ಎಳೆಯಿಂದ ಕೂಡಿಸಿ ಹೊಲಿದಿತ್ತು. ಒಳಗೆ ಬಾಯಿ ತೆರೆದ ಮರಿಗಳು. ಗುರುಗಳು ನನ್ನ ಬೆನ್ನು ತಟ್ಟಿದರು.

ಬಾವಿಯ ಕಡೆ ಊಟಕ್ಕೆ ಕುಳಿತೆವು. ಕಾಕಾನ ಹೆಂಡತಿ, ನಮ್ಮ ಕಾಕು, ಗುರುಗಳಿಗೆ ಚಹಾ ತಂದುಕೊಟ್ಟಳು. ಅಷ್ಟರಲ್ಲಿ ಕಾಕಾ ಬುಟ್ಟಿ ಹಿಡಿದು ಗೂಡಿದ್ದ ಸಾಲಿಗೆ ಬಂದ. ಮುದುಡಿದ ಎಲೆ ಕಂಡರೆ ಒಳಗೆ ಹುಳ ಐತಿ ಅಂತಲೇ ಅವನ ಲೆಕ್ಕ. ಕಿತ್ತು, ಮುಷ್ಟಿಯಲ್ಲಿ ಹಿಸುಕಿ, ಬುಟ್ಟಿಗೆ ಒಗೆಯುವುದು ಅವನ ರೂಢಿ. ತುತ್ತು ಬಿಟ್ಟು ಓಡಿದೆ.

“ಕಾಕಾ, ಬ್ಯಾಡ! ಅದು ಹುಳದ್ದಲ್ಲ, ಗೂಡೈತಿ!”

ಕೈ ಎಲೆಯ ಮೇಲಿಟ್ಟುಕೊಂಡೇ ಕಾಕಾ ಗುರುಗಳತ್ತ ನೋಡಿದ. “ಏನ್ರಿ ಗುರುಗಳ, ಹುಡಿಗಿ ಗೂಡ ಅನ್ನಾಕತ್ತಾಳ. ಖರೇನ?”

ಶಾಲೆಯ ಕಮಿಟಿಯಲ್ಲಿ ಕಾಕಾನ ಮಾತೇ ಮಾತು. ಗುರುಗಳು ಬಸಿಯಲ್ಲಿದ್ದ ಚಹಾ ಊದಿದರು.

“ಹುಳಾನೂ ಇರಬಹುದ್ರಿ ಅಣ್ಣಾರ. ತ್ವಾಟ ನಿಮ್ಮದು, ನಿಮಗ ಗೊತ್ತಿರತೈತಿ.”

ಕಾಕಾ ಕಿತ್ತು ಹಿಸುಕಿದ. ಕೈಗೆ ಏನೋ ಬೇರೆ ಹತ್ತಿರಬೇಕು, ಅವನ ಮುಖ ಒಂದು ಗಳಿಗೆ ಬದಲಾಯಿತು. ಧೋತರಕ್ಕೆ ಕೈ ಒರೆಸಿಕೊಂಡು, “ಹೋಗ್ಲಿ ಬಿಡವಾ, ಬರೇ ಗುಬ್ಬಿ ಅಲ್ಲೇನ” ಎಂದ. ಗುಬ್ಬಿ ಅಲ್ಲ ಎಂದು ಆಗಲೂ ಗುರುಗಳ ಬಾಯಿಂದ ಬರಲಿಲ್ಲ.

ಸಿಂಪಿಗ ಬಂದು ತಂತಿಯ ಮೇಲೆ ಕುಳಿತಿತು. ಕೊಕ್ಕಿನಲ್ಲಿ ಹಸಿರು ಹುಳ ಇತ್ತು. ಕಾಕಾ ಹುಡುಕುತ್ತಿದ್ದುದು ಅದೇ ಹುಳವನ್ನು! ಎಲೆ ಇದ್ದ ಜಾಗದ ಸುತ್ತ ಹಾರಿತು, ಮತ್ತೆ ಕುಳಿತಿತು. ಹುಳವನ್ನು ತಾನೂ ನುಂಗಲಿಲ್ಲ.

ಮರಳುವಾಗ ಗುರುಗಳು ಏನೂ ಆಗದವರಂತೆ ಕೇಳಿದರು: “ಇವತ್ತ ನೋಡಿದ ಹಕ್ಕಿ ಯಾವುದು?” ಎಲ್ಲರೂ “ಸಿಂಪಿಗ!” ಎಂದು ಕೂಗಿದರು. ನಾನು ಬಾಯಿ ಬಿಡಲಿಲ್ಲ. ಸೊಕ್ಕು ಬಂದೈತಿ ಎಂದು ಗುರುಗಳಿಂದ ಬೈಸಿಕೊಂಡೆ.

ಈಗ ಆ ತೋಟದ ಮೇಲೆ ಬಿಳಿ ಬಲೆ ಇದೆ. ಔಷಧಿಯ ನಾತ ರಸ್ತೆಯವರೆಗೆ ಬರುತ್ತದೆ. ಮುದುಡಿದ ಎಲೆ ಇಲ್ಲ, ಹುಳ ಇಲ್ಲ, ‘ಟುವ್ವಿ’ಯೂ ಇಲ್ಲ. ಮನೆಯ ಮಕ್ಕಳು ಮೊಬೈಲಿನಲ್ಲಿ ಅದರ ಕೂಗು ಕೇಳಿಸಿ, ಇದು ಎಲ್ಲಿರತೈತಿ ಎಂದು ನನ್ನನ್ನೇ ಕೇಳುತ್ತವೆ. ಕಾಕಾನ ಮೇಲಿನ ನನ್ನ ಸಿಟ್ಟು ಎಂದೋ ಇಳಿದುಹೋಯಿತು. ಅವನಿಗೆ ಗೊತ್ತಿರಲಿಲ್ಲ. ಗುರುಗಳಿಗೆ ಗೊತ್ತಿತ್ತು.