ಹಿಂದೆ ಹಾಡುವವರ ಜಾಗ

ಹೈದರಾಬಾದಿನ ಕುಷಾಯಿಗೂಡದ ಈ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ತಿರುಗಿ ಬರುವುದಿಲ್ಲ. ಮೊದಲ ದಿನ ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಕೂಗಿಕೊಂಡೆ. ಗೋಡೆ ಅದನ್ನು ನುಂಗಿ ಸುಮ್ಮನಾಯಿತು. ಕೋಣೆಯನ್ನು ಹಾಗೆ ಮಾಡಿಕೊಂಡವನು ನಾನೇ. ಕೀಲಿಕೈ ಕೊಡುವಾಗಲೇ ಮನೆ ಮಾಲೀಕರು, "ಚಪ್ಪುಡು ರಾಕೂಡದು, ಬಾಬೂ" ಎಂದಿದ್ದರು. ಚಪ್ಪುಡು ಎಂದರೆ ಸದ್ದು. ನನ್ನ ಕಸುಬೇ ಸದ್ದು. ಅವ್ವ ಧಾರವಾಡದಿಂದ ಕಟ್ಟಿಕೊಟ್ಟ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿ, ನಡುವೆ ಕಂಪ್ಯೂಟರು, ಎರಡು ಸ್ಪೀಕರು ಇಟ್ಟು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟೆ. ಚಳಿಯಾದರೆ ಒಂದು ಗೋಡೆ ಬಿಚ್ಚಿ ಹೊದ್ದುಕೊಳ್ಳುತ್ತೇನೆ.

ಧಾರವಾಡದಲ್ಲಿ ಹಾಡು ಇದ್ದಲ್ಲಿಗೆ ನಾವು ಕಿವಿ ಒಯ್ಯುತ್ತಿದ್ದೆವು. ಈ ಆಂಧ್ರದ ರಾಜಧಾನಿಯಲ್ಲಿ ಹಾಡೇ ಬಂದು ಕಿವಿ ಹಿಂಡುತ್ತದೆ. ಜಾಹೀರಾತಿನ ಗಿರಾಕಿಗಳಿಂದ ನಾನು ಕಲಿತ ಮೊದಲ ತೆಲುಗು, "ಇಂಕಾ ಪೆಂಚಂಡಿ", ದನಿ ಇನ್ನೂ ಏರಿಸಿ. ಏರಿಸುವುದಕ್ಕೆ ಲಿಮಿಟರ್ ಎಂಬ ಸಾಧನವಿದೆ. ಅದು ಎತ್ತರದ ದನಿಯ ತಲೆ ಒತ್ತಿ ಹಿಡಿಯುತ್ತದೆ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಮೇಲೆತ್ತಬಹುದು. ತಳದಲ್ಲಿ ಅಡಗಿದ್ದ ಫ್ಯಾನಿನ ಗುಂಯ್, ಹಾಡುವವರ ಉಸಿರು, ಎಲ್ಲ ಎದ್ದು ಬರುತ್ತವೆ. ಏನು ಏಳುತ್ತದೋ ಎಂಬ ಅಂಜಿಕೆ ನನಗೆ ಶುರುವಾದದ್ದು ನೀಲಮ್ಮಕ್ಕನ ಕ್ಯಾಸೆಟ್ಟಿನಿಂದ.

ನೀಲಮ್ಮಕ್ಕ ಹಿಂದಿನ ಓಣಿಯವರು, ರೋಣದ ಕಡೆಯವರು. ಈ ಊರಲ್ಲಿ ನನಗೆ ಖಡಕ್ ರೊಟ್ಟಿ ಸಿಗುವ ಒಂದೇ ಮನೆ ಅವರದು. ತೀರಿಕೊಂಡ ಅವರ ತಾಯಿ ಹಾಡಿದ ಬೀಸುವ ಪದ ಆ ಕ್ಯಾಸೆಟ್ಟಿನಲ್ಲಿತ್ತು. ಆ ದನಿ ಉಳಿದಿದ್ದುದು ಅದೊಂದರಲ್ಲೇ.

"ಮೊಮ್ಮಗಳ ಮದುವಿ ಅರಿಷಿಣದಾಗ ಇದನ್ನ ಹಚ್ಚಬೇಕು, ತಮ್ಮಾ. ಹಾಲ್ ಭಾಳ ದೊಡ್ಡದೈತಿ. ಅವ್ವನ ದನಿ ಎಲ್ಲಾರಿಗೂ ಕೇಳಬೇಕು ನೋಡು."

ನಾನು ಶ್ರದ್ಧೆಯಿಂದ ಕೆಲಸ ಮಾಡಿದೆ. ಸಾಲು ಸಾಲಿನ ನಡುವೆ ಮುದುಕಿ ಉದ್ದಕ್ಕೆ ಸುಮ್ಮನಿರುತ್ತಿದ್ದಳು. ಜಾಹೀರಾತಿನ ಕೈ ನನ್ನದು. ಖಾಲಿ ಜಾಗವನ್ನೆಲ್ಲ ಕತ್ತರಿಸಿ ಸಾಲುಗಳನ್ನು ಒತ್ತೊತ್ತಾಗಿ ಕೂಡಿಸಿದೆ. ಅಕ್ಕನನ್ನು ಕರೆದು ಕೇಳಿಸಿದೆ. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿತು.

"ಜಾಗಾ ಎಲ್ಲಿ ಹೋತೋ? ಕಾಶವ್ವನ ಜಾಗಾ?"

ಆಮೇಲೆ ತಿಳಿಯಿತು. ಬೀಸುಕಲ್ಲಿಗೆ ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬಳು ಸಾಲು ಹೇಳಿದರೆ ಇನ್ನೊಬ್ಬಳು ಅದನ್ನೇ ಹಿಂದೆ ಹಾಡಬೇಕು. ಮಿಕ್ಸಿಯ ಸದ್ದಿನಲ್ಲಿ ಬೆಳೆದ ನನಗೆ ಇದೆಲ್ಲಿ ಗೊತ್ತು? ಕಾಶವ್ವ ಮುದುಕಿಯ ಊರಿನ ಜೊತೆಗಾತಿ, ಹೈದರಾಬಾದು ಕಂಡವಳೇ ಅಲ್ಲ. "ಟೇಪ್ ಮಾಡಿದ್ದು ಇಲ್ಲೇ. ಇಲ್ಲಿ ಹಿಂದ ಹಾಡಾಕ ಯಾರಿದ್ರು? ಅವ್ವ ಒಬ್ಬಾಕೇನ ಹಾಡ್ತಿದ್ಲು, ಆಕಿ ಜಾಗಾ ಬಿಟ್ಟು" ಎಂದರು ಅಕ್ಕ.

ನಾಚಿಕೆಯಾಯಿತು. ಅವರನ್ನು ಕೂರಿಸಿಕೊಂಡೇ ಕತ್ತರಿಸಿದ್ದನ್ನೆಲ್ಲ ಮರಳಿ ಸೇರಿಸಿ ದನಿ ಏರಿಸಿದೆ. ಹೊರಗೆ ರಣಗುಡುವ ಮಧ್ಯಾಹ್ನ. ಮುದುಕಿ ಒಂದು ಸಾಲು ಹಾಡಿ ನಿಲ್ಲಿಸಿದಳು. ಟೇಪಿನ ಸುಯ್ ಮೇಲೆದ್ದಿತು. ಆ ಸುಯ್‌ನೊಳಗೆ ಯಾರೋ ಅದೇ ಸಾಲನ್ನು ಹಾಡಿದರು.

ಟೇಪಿನ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಂಟುವುದುಂಟು. ಅಕ್ಕನಿಗೆ ಅದನ್ನೇ ಹೇಳಲು ಹೊರಟೆ. ಅಷ್ಟರಲ್ಲಿ ಆ ದನಿ ಕೆಮ್ಮಿತು. ಮುದುಕಿ ಎಲ್ಲಿಯೂ ಕೆಮ್ಮಿರಲಿಲ್ಲ. ನಾನು ಮೌಸ್ ಬಿಟ್ಟು ಕೈ ಹಿಂದೆಳೆದುಕೊಂಡೆ.

ಅಕ್ಕ ಮಾತ್ರ ಹೆದರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾಶವ್ವಗ ಕೆಮ್ಮು ಇತ್ತು. ಆಕೀನ್ನ ಸಣ್ಣ ಮಾಡಬ್ಯಾಡ, ತಮ್ಮಾ" ಎಂದರು.

ನಾನು ಸಣ್ಣ ಮಾಡಲಿಲ್ಲ. ಅರಿಷಿಣದ ದಿನ ದೊಡ್ಡ ಸ್ಪೀಕರುಗಳಲ್ಲಿ ಪದ ಮೊಳಗಿತು. ಮೊದಲ ಸಾಲು ಮುಗಿದು ಜಾಗ ಬಂದಾಗ ಅಲ್ಲಿದ್ದ ವಯಸ್ಸಾದ ಹೆಂಗಸರು, ಮನೆ ಹೊರಗೆ ಬರೀ ತೆಲುಗು ಹಿಂದಿ ಆಡುವವರು, ತಾವಾಗಿಯೇ ಹಿಂದೆ ಹಾಡಿದರು. ಅವರೆಲ್ಲರ ಅಡಿಯಲ್ಲಿ ಒಂದು ಕೆಮ್ಮು ನನಗೆ ಕೇಳಿಸಿತು. ಅಕ್ಕ ನನ್ನ ಕಡೆ ನೋಡಿ ತಲೆಯಾಡಿಸಿದರು. ಆ ಗಳಿಗೆಯಲ್ಲಿ ನನಗೆ ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು. ಮುದುಕಿ ಬಿಟ್ಟ ಜಾಗಕ್ಕೆ ಯಾರೋ ಬಂದಿದ್ದರು, ನನ್ನ ಕೋಣೆಯಲ್ಲಿ ನನ್ನ ದನಿಯೂ ತಿರುಗಿ ಬರುವುದಿಲ್ಲ.

ಹೋದ ವಾರ ಧಾರವಾಡದಿಂದ ತಂಗಿ ಒಂದು ಸಿಡಿ ಕಳಿಸಿದಳು. ಅವ್ವನನ್ನು ಅಡುಗೆಮನೆಯಲ್ಲಿ ಕೂರಿಸಿ ನನಗೆ ಮಾತು ಹೇಳಿಸಿದ್ದಾಳೆ. "ಉಂಡೀ ಏನಪಾ?" ಅನ್ನುತ್ತಾಳೆ ಅವ್ವ, ಸುಮ್ಮನಾಗುತ್ತಾಳೆ. "ಅಲ್ಲಿ ನೀರು ಹಿಡಿಸ್ತೈತೇನು?" ಮತ್ತೆ ಸುಮ್ಮನೆ. ಎದುರಿಗೆ ನಾನೇ ಕೂತಂತೆ, ಉತ್ತರಕ್ಕೆ ಜಾಗ ಬಿಟ್ಟು.

ಏರಿಸಬಾರದು ಅಂದುಕೊಂಡೇ ಏರಿಸಿದೆ. ಕುಕ್ಕರಿನ ಸೀಟಿ, ತಂಗಿಯ ಬಳೆ, ದೂರದ ಬಸ್ಸು ಎದ್ದು ಬಂದವು. ಅವುಗಳಡಿ, ಪ್ರತಿ ಜಾಗದಲ್ಲೂ, ಯಾರೋ "ಹೂಂ" ಅನ್ನುತ್ತಿದ್ದರು. ನನ್ನದೇ ದನಿ.

ಇಲ್ಲಿ ಕೂತ ನಾನೇ ಅಂದೆನೇನೋ ಎಂದು, ಬಾಯಿಗೆ ಕೈ ಒತ್ತಿ ಹಿಡಿದು ಮತ್ತೆ ಹಚ್ಚಿದೆ.

"ಉಂಡೀ ಏನಪಾ?"

"ಹೂಂ."